ಹಾಡು ಮರಳುವ ಹಾದಿ

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವ ರಸ್ತೆ ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟಕ್ಕಿಳಿಯುತ್ತದೆ. ಸಂಜೆಯ ಹೊತ್ತು. ಮುಂದೆ ಅದಿರೋ ಸಿಮೆಂಟೋ ತುಂಬಿದ ಲಾರಿ ತೆವಳುತ್ತಿತ್ತು, ಅದರ ಹಿಂದೆ ಬೈಕಿನಲ್ಲಿ ನಾನು. ಹ್ಯಾಂಡಲ್ಲಿನ ಎರಡು ಬದಿಗೆ ಕಟ್ಟಿದ ಸ್ಪೀಕರುಗಳಲ್ಲಿ ಹಾಡು. ಒಂದು ತಿರುವಿನಲ್ಲಿ ಲಾರಿ ನಿಂತೇ ಬಿಟ್ಟಿತು. ಪಕ್ಕಕ್ಕೆ ಸರಿಯಲೆಂದು ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿದೆ. 'ಟಪ್' ಎಂದಿತು. ಹಾಡು ನಿಂತಿತು.

ಚಾವಿ ತೆಗೆದು ಕೆಳಗಿಳಿದೆ. ಎಂಜಿನ್ ಆಫಾಗಿತ್ತು, ಹೆಡ್‌ಲೈಟು ಆರಿತ್ತು, ಆದರೆ ಟ್ಯಾಂಕಿನ ಅಡಿಯಿಂದ ಬಿಳಿ ಹೊಗೆಯ ಎಳೆಯೊಂದು ಏಳುತ್ತಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಚಾವಿ ತೆಗೆದರೂ ಹೊಗೆ ನಿಲ್ಲಲಿಲ್ಲ, ಏಕೆಂದರೆ ಆಂಪ್ಲಿಫೈಯರಿನ ಕೆಂಪು ವೈರನ್ನು ಅಂಗಡಿಯವರು ನೇರವಾಗಿ ಬ್ಯಾಟರಿಗೆ ಕಟ್ಟಿದ್ದರು. ನಡುವೆ ಸ್ವಿಚ್ಚಿಲ್ಲ, ಫ್ಯೂಸಿಲ್ಲ. ಪಕ್ಕದ ಮುಚ್ಚಳ ಕಿತ್ತು, ಬ್ಯಾಟರಿಯ ಮೇಲಿದ್ದ ಆ ವೈರನ್ನು ಕರವಸ್ತ್ರ ಸುತ್ತಿ ಎಳೆದು ತೆಗೆದ ಮೇಲೆಯೇ ಹೊಗೆ ನಿಂತಿತು. ಆ ವೈರಿನಿಂದ ಒಂದು ಗೇಣು ಮೇಲೆ ಹದಿಮೂರು ಲೀಟರಿನ ಪೆಟ್ರೋಲ್ ಟ್ಯಾಂಕು. ಆ ಅಂತರವನ್ನು ನಾನು ಇವತ್ತಿಗೂ ಮರೆತಿಲ್ಲ. ಈ ಲೇಖನ ಬರೆಯುತ್ತಿರುವುದೂ ಆ ಒಂದು ಗೇಣಿನ ಕಾರಣಕ್ಕೇ.

ಮರುದಿನ ಬೈಕನ್ನು ಹುಬ್ಬಳ್ಳಿಯ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಮುಂದೆ ನಿಲ್ಲಿಸಿದೆ. ನಲವತ್ತು ವರ್ಷದಿಂದ ಟ್ರ್ಯಾಕ್ಟರು, ಲಾರಿ, ಬೈಕುಗಳ ವೈರಿಂಗ್ ಮಾಡಿದ ಕೈ ಅವರದು. ಎಲ್ಲರೂ ಕಾಕಾ ಎನ್ನುತ್ತಾರೆ. ಟ್ಯಾಂಕು ಇಳಿಸಿ, ಹ್ಯಾಂಡಲ್ಲಿನ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿ, ಒಂದು ವೈರನ್ನು ಬೆರಳಿನಿಂದ ಎತ್ತಿ ಹಿಡಿದರು. ಎಡ ಸ್ಪೀಕರಿನ ಕರಿ ವೈರು. ಹ್ಯಾಂಡಲ್ ತಿರುಗಿದಾಗಲೆಲ್ಲ ಫ್ರೇಮಿನ ಅಂಚಿಗೆ ತಿಕ್ಕಿ ತಿಕ್ಕಿ ಅದರ ಮೇಲಿನ ಸಿಪ್ಪೆ ಹೋಗಿ, ಒಳಗಿನ ತಾಮ್ರ ಹೊಳೆಯುತ್ತಿತ್ತು.

"ಇದು ಬಾಡಿಗೆ ತಾಗೇತಿ. ಅದಕ್ಕ ಆಂಪ್ಲಿಫೈಯರ್ ಹೋತು" ಅಂದರು.

"ಮೈನಸ್ ವೈರ್ ಅಲ್ರೀ ಕಾಕಾ ಅದು. ತಾಗಿದ್ರೂ ಏನೂ ಆಗಂಗಿಲ್ಲ, ಹೆಂಗೂ ಬಾಡಿ ಎಲ್ಲಾ ಅರ್ಥ್ ಅಂತ ಫಿಟ್ ಮಾಡಿದ ಹುಡುಗ ಹೇಳಿದ್ದ."

ಕಾಕಾ ತಲೆಯಾಡಿಸಿದರು. "ಬಾಡಿ ಎಲ್ಲಾ ಅರ್ಥ್, ಖರೇ ಐತಿ ತಮ್ಮಾ. ಆದ್ರ ಕರಿ ವೈರ್ ಎಲ್ಲಾ ಅರ್ಥ್ ಅಲ್ಲ."

ಬೈಕಿಗೆ ಸ್ಪೀಕರು ಹಾಕಿಸಲು ಹೊರಟ ಪ್ರತಿಯೊಬ್ಬರೂ, ಹಾಕುವ ಪ್ರತಿಯೊಬ್ಬ ಹುಡುಗನೂ ಈ ಮಾತನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು ಎಂದು ನನಗನಿಸುತ್ತದೆ. ಇದನ್ನು ಬಿಡಿಸಿ ಹೇಳುತ್ತೇನೆ.

ಬೈಕಿನಲ್ಲಿ ಹಾರ್ನು, ಇಂಡಿಕೇಟರು, ಬ್ರೇಕ್ ಲೈಟು ಇವೆಲ್ಲ ಬ್ಯಾಟರಿಯ ಪ್ಲಸ್ಸಿನಿಂದ ಕರೆಂಟು ಪಡೆದು ಮೈನಸ್ಸಿಗೆ ಮರಳಿಸುತ್ತವೆ. ಬ್ಯಾಟರಿಯ ಮೈನಸ್ಸು ಫ್ರೇಮಿಗೆ ಕೂಡಿರುವುದರಿಂದ ಫ್ರೇಮಿನ ಕಬ್ಬಿಣವೇ ಮರಳುವ ದಾರಿಯಾಗುತ್ತದೆ. ಮೆಕ್ಯಾನಿಕ್ಕುಗಳು 'ಬಾಡಿ ಅರ್ಥ್' ಎನ್ನುವುದು ಇದಕ್ಕೇ. ಬಲ್ಬಿನ ಕರಿ ವೈರು ಫ್ರೇಮಿಗೆ ತಾಗಿದರೆ ನಿಜಕ್ಕೂ ಏನೂ ಆಗುವುದಿಲ್ಲ. ಆ ಹುಡುಗ ಕಲಿತದ್ದು ಬಲ್ಬಿನ ಪಾಠ, ಅದನ್ನೇ ಸ್ಪೀಕರಿಗೂ ಹಚ್ಚಿದ.

ಸ್ಪೀಕರಿನ ವಿಷಯ ಬೇರೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಸಾಕಷ್ಟು ಸದ್ದು ಹೊರಡಿಸಬೇಕೆಂದರೆ ಒಂದು ತುದಿಯಿಂದ ತಳ್ಳಿದರೆ ಸಾಲದು. ಅದಕ್ಕಾಗಿ ಇಂದಿನ ಬಹುತೇಕ ವಾಹನ ಆಂಪ್ಲಿಫೈಯರುಗಳು ಸ್ಪೀಕರಿನ ಎರಡೂ ತುದಿಯನ್ನು ಹಿಡಿದು ಆಡಿಸುತ್ತವೆ. ಒಂದು ತುದಿ ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತದೆ. ಕೈಮಗ್ಗದಲ್ಲಿ ಲಾಳಿಯನ್ನು ಎಡಗಡೆಯಿಂದಲೂ ಬಲಗಡೆಯಿಂದಲೂ ಹೊಡೆದಂತೆ. ಇದಕ್ಕೆ ಬ್ರಿಜ್ ಜೋಡಣೆ ಎನ್ನುತ್ತಾರೆ. ಹೀಗಾಗಿ ಸ್ಪೀಕರಿನ ಕೆಂಪು ವೈರೂ ಕರಿ ವೈರೂ ಎರಡೂ ಜೀವಂತ. ಹಾಡು ಇಲ್ಲದ ಹೊತ್ತಿನಲ್ಲೂ ಎರಡರ ಮೇಲೂ ಬ್ಯಾಟರಿಯ ಸುಮಾರು ಅರ್ಧದಷ್ಟು, ಅಂದರೆ ಆರೇಳು ವೋಲ್ಟು ಕೂತಿರುತ್ತದೆ. ಎರಡರಲ್ಲೂ ಅಷ್ಟೇ ಇರುವುದರಿಂದ ಸ್ಪೀಕರಿಗೆ ಅದು ತಿಳಿಯುವುದಿಲ್ಲ. ಆದರೆ ಎರಡರಲ್ಲಿ ಯಾವುದೊಂದು ಫ್ರೇಮಿಗೆ ತಾಗಿದರೂ ಆರೇಳು ವೋಲ್ಟು ನೇರ ಶಾರ್ಟ್. ಒಳ್ಳೆಯ ಆಂಪ್ಲಿಫೈಯರಾದರೆ ತನ್ನನ್ನು ತಾನೇ ಬಂದ್ ಮಾಡಿಕೊಂಡು ಉಳಿಯುತ್ತದೆ. ಅಗ್ಗದ್ದು ಸುಟ್ಟುಹೋಗುತ್ತದೆ. ಸುಡುವಾಗ ಒಳಗೇ ಶಾರ್ಟಾಗಿ ಬ್ಯಾಟರಿಯಿಂದ ಎಳೆದಷ್ಟೂ ಕರೆಂಟು ಎಳೆಯುತ್ತದೆ. ಫ್ಯೂಸಿಲ್ಲದಿದ್ದರೆ ನಡುವಿನ ತೆಳ್ಳನೆಯ ವೈರು ಹೀಟರಿನ ತಂತಿಯಾಗುತ್ತದೆ. ಅರಬೈಲಿನಲ್ಲಿ ಆದದ್ದು ಸರಿಯಾಗಿ ಇದೇ ಕ್ರಮದಲ್ಲಿ.

ನಿಮ್ಮ ಆಂಪ್ಲಿಫೈಯರು ಈ ಜಾತಿಯದೇ ಎಂದು ತಿಳಿಯುವುದು ಸುಲಭ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು, ಆಂಪ್ಲಿಫೈಯರು ಚಾಲೂ ಮಾಡಿ, ಹಾಡು ಹಾಕದೆ, ಸ್ಪೀಕರಿನ ಕರಿ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆಯಿರಿ. ಆರೇಳು ವೋಲ್ಟು ತೋರಿಸಿದರೆ ಆ ಕರಿ ವೈರು ಅರ್ಥ್ ಅಲ್ಲ. ಅದನ್ನು ಕೆಂಪು ವೈರಿನಷ್ಟೇ ಜೋಪಾನವಾಗಿ ಕಾಯಬೇಕು.

ವಾಹನದಲ್ಲಿ ಹಾಡು ಕೇಳುವ ಆಸೆ ಹಳೆಯದು. 1930ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಗಾಲ್ವಿನ್ ಅವರ ಕಂಪನಿ ಕಾರಿನ ರೇಡಿಯೊ ತಂದಾಗ ಅದಕ್ಕಿಟ್ಟ ಹೆಸರು ಮೋಟೊರೋಲಾ. ಮೋಟಾರು ಕಾರಿನ ಜೊತೆಗೆ ಆ ಕಾಲದ ಗ್ರಾಮಫೋನುಗಳ ಹೆಸರಿನ 'ಓಲಾ' ಎಂಬ ಬಾಲ ಸೇರಿದ ಹೆಸರದು. ಮುಂದೆ ಕಂಪನಿಯೇ ಆ ಹೆಸರಿನಿಂದ ಜಗತ್ತಿಗೆ ಗೊತ್ತಾಯಿತು. ಅಂದಿನ ಕಾರ್ ರೇಡಿಯೊಗಳಿಗಿದ್ದ ದೊಡ್ಡ ತಲೆನೋವು ಎಂಜಿನ್ನಿನ ಸ್ಪಾರ್ಕಿನಿಂದ ಹುಟ್ಟುವ ಗರಗರ. ಮೋಟಾರ್ ಸೈಕಲ್ಲಿನಲ್ಲಿ ಹಾಡಿನ ಸಾಮಾನನ್ನೆಲ್ಲ ಕಾರ್ಖಾನೆಯಲ್ಲೇ ಕೂರಿಸಿ ಕೊಟ್ಟವರಲ್ಲಿ ಹೋಂಡಾ ಗೋಲ್ಡ್‌ವಿಂಗ್ ಹೆಸರು ದೊಡ್ಡದು. 1975ರಲ್ಲಿ ಬಂದ ಆ ಬೈಕು 1980ರ ದಶಕದಲ್ಲಿ ಸ್ಟೀರಿಯೊ ಹೊತ್ತು ಖಂಡ ದಾಟುವ ಪ್ರವಾಸಿಗಳ ಗಾಡಿಯಾಯಿತು. 2001ರ 1800 ಸಿಸಿ ಮಾದರಿಯ ಆಲ್ಟರ್ನೇಟರು ಸಾವಿರ ವ್ಯಾಟಿಗೂ ಮೇಲೆ ವಿದ್ಯುತ್ತು ಕೊಡುತ್ತಿತ್ತು. ಅಂಥ ಗಾಡಿಯಲ್ಲಿ ಹಾಡಿಗೆ ನೂರು ವ್ಯಾಟು ತೆಗೆದಿಟ್ಟರೆ ಗಮನಕ್ಕೂ ಬಾರದು.

ನಮ್ಮ ಬೈಕುಗಳ ಲೆಕ್ಕ ಬೇರೆ. ನೂರು ಸಿಸಿ ಬೈಕಿನ ಬ್ಯಾಟರಿ 3ರಿಂದ 5 ಆಂಪಿಯರ್-ಅವರ್, 350 ಸಿಸಿ ಗಾಡಿಯದು ಎಂಟರ ಆಸುಪಾಸು, ಹಳೆಯವಾದರೆ ಹದಿನಾಲ್ಕರವರೆಗೆ. ಸಣ್ಣ ಕಾರಿನದು 35ಕ್ಕೂ ಮೇಲೆ. ಕಾರಿಗೆ ಒಗ್ಗುವ ಆಂಪ್ಲಿಫೈಯರು ಬೈಕಿಗೆ ಒಗ್ಗುವುದಿಲ್ಲ ಎನ್ನಲು ಈ ಒಂದು ಅಂಕಿ ಸಾಕು. ಇದರ ಮೇಲೆ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಉರಿಯುತ್ತದೆ. ಹ್ಯಾಲೊಜನ್ ಬಲ್ಬಾದರೆ ಅದೊಂದೇ ನಾಲ್ಕು ಆಂಪಿಯರಿನಷ್ಟು ತಿನ್ನುತ್ತದೆ. ಹಾಡಿಗೆ ಉಳಿಯುವುದು ಆಮೇಲಿನ ಪಾಲು.

ಹೀಗಿರುವಾಗ ಅಂಗಡಿಯ ಪೆಟ್ಟಿಗೆಗಳ ಮೇಲೆ 'ಐನೂರು ವ್ಯಾಟ್', 'ಸಾವಿರ ವ್ಯಾಟ್' ಎಂದು ಅಚ್ಚಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನಗಳ ಸಾಮಾನು ಮಾರುವ ಸಾಲಿನಲ್ಲಿ ನಿಂತರೂ ಇದೇ, ನಮ್ಮ ಊರಿನ ಅಂಗಡಿಯಲ್ಲೂ ಇದೇ. ಇದು ಎಷ್ಟು ಸುಳ್ಳು ಎಂಬುದನ್ನು ಹೈಸ್ಕೂಲಿನ ಗಣಿತದಿಂದಲೇ ತಿಳಿಯಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.4 ವೋಲ್ಟು ಇದೆ ಎಂದುಕೊಳ್ಳಿ. ಬ್ರಿಜ್ ಜೋಡಣೆಯ ಆಂಪ್ಲಿಫೈಯರು ಸ್ಪೀಕರಿಗೆ ಕೊಡಬಲ್ಲ ಅಲೆಯ ತುದಿ ಅಷ್ಟೇ. ಅದನ್ನು 1.414ರಿಂದ ಭಾಗಿಸಿದರೆ ಸುಮಾರು 10.2. ಅದರ ವರ್ಗ 104. ಸ್ಪೀಕರು 4 ಓಮ್‌ನದಾದರೆ ನಾಲ್ಕರಿಂದ ಭಾಗಿಸಿ. ಬರುವುದು 26 ವ್ಯಾಟು. ಒಳಗಿನ ನಷ್ಟ ಕಳೆದರೆ ಒಡೆಯದ, ಶುದ್ಧ ಸದ್ದು ಒಂದು ಸ್ಪೀಕರಿಗೆ ಇಪ್ಪತ್ತು ವ್ಯಾಟಿನ ಹತ್ತಿರ. ಇದಕ್ಕಿಂತ ಹೆಚ್ಚು ಬೇಕಾದರೆ ವೋಲ್ಟೇಜನ್ನು ಏರಿಸುವ ಸರ್ಕೀಟು ಆಂಪ್ಲಿಫೈಯರಿನೊಳಗೇ ಇರಬೇಕು. ದೊಡ್ಡ ಕಾರ್ ಆಂಪ್ಲಿಫೈಯರುಗಳಲ್ಲಿ ಅದು ಇರುತ್ತದೆ. ಆಗ ಅದು ಬ್ಯಾಟರಿಯಿಂದ ಎಳೆಯುವ ಕರೆಂಟೂ ಅಷ್ಟೇ ಏರುತ್ತದೆ. ಬೈಕಿನ ಸಣ್ಣ ಬ್ಯಾಟರಿ ಅದನ್ನು ಹೊರುವುದಿಲ್ಲ.

ಆದ್ದರಿಂದ ಕೊಳ್ಳುವವರು ವ್ಯಾಟಿನ ದೊಡ್ಡ ಅಂಕಿ ಬಿಟ್ಟು 'ಆರ್‌ಎಂಎಸ್' ಎಂದು ಬರೆದ ಸಣ್ಣ ಅಂಕಿಯನ್ನು, ಅಂದರೆ ಬಿಡದೆ ಕೊಡಬಲ್ಲ ವ್ಯಾಟನ್ನು, ನೋಡಬೇಕು. 'ಕ್ಲಾಸ್ ಡಿ' ಎಂಬ ಮಾತಿದೆಯೇ ಎಂದೂ ನೋಡಬೇಕು. ಹಳೆಯ ಕ್ಲಾಸ್ ಎಬಿ ಆಂಪ್ಲಿಫೈಯರು ತೆಗೆದುಕೊಂಡ ವಿದ್ಯುತ್ತಿನ ಅರ್ಧದಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಕ್ಲಾಸ್ ಡಿ ನೂರಕ್ಕೆ 85ರಿಂದ 90 ಪಾಲನ್ನು ಸ್ಪೀಕರಿಗೆ ಮುಟ್ಟಿಸುತ್ತದೆ. ಎರಡು ಸ್ಪೀಕರಿಗೆ ಇಪ್ಪತ್ತಿಪ್ಪತ್ತು ವ್ಯಾಟು ಪೂರ್ತಿ ಸದ್ದಿನಲ್ಲಿ ಕೊಡಲು ಕ್ಲಾಸ್ ಡಿ ಬ್ಯಾಟರಿಯಿಂದ ನಾಲ್ಕು ಆಂಪಿಯರಿನೊಳಗೆ ಎಳೆದರೆ ಕ್ಲಾಸ್ ಎಬಿ ಆರು ಎಳೆಯುತ್ತದೆ. ಸೀಟಿನ ಅಡಿಯ ಗಾಳಿಯಾಡದ ಜಾಗದಲ್ಲಿ ಆ ಬಿಸಿ ಎಲ್ಲಿಗೆ ಹೋಗಬೇಕು? ಬೈಕಿಗೆ ಕ್ಲಾಸ್ ಡಿ ಒಂದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಮಾತು ಸೇರಿಸಬೇಕು. ಇಪ್ಪತ್ತು ವ್ಯಾಟನ್ನು ನಲವತ್ತು ಮಾಡಿದರೆ ಸದ್ದು ಏರುವುದು ಬರೇ 3 ಡೆಸಿಬಲ್, ಕಿವಿಗೆ ಅಷ್ಟಿಷ್ಟು ಗೊತ್ತಾದೀತು. ಸದ್ದು ಇಮ್ಮಡಿಯಾಯಿತು ಅನಿಸಲು ಹತ್ತು ಪಟ್ಟು ವ್ಯಾಟು ಬೇಕು. ಅದೇ ದುಡ್ಡನ್ನು ಹೆಚ್ಚು ಸೆನ್ಸಿಟಿವಿಟಿಯ, ಅಂದರೆ ಅಷ್ಟೇ ವ್ಯಾಟಿಗೆ ಹೆಚ್ಚು ಸದ್ದು ಕೊಡುವ ಸ್ಪೀಕರಿಗೆ ಹಾಕಿದರೆ ಬ್ಯಾಟರಿಗೆ ಭಾರವಾಗದೆ ಸದ್ದು ಏರುತ್ತದೆ.

ಈಗ ವೈರಿಗೆ ಬರೋಣ. ಕಾಕಾ ನನ್ನ ಬೈಕಿನಿಂದ ತೆಗೆದ ಸುಟ್ಟ ವೈರನ್ನು ಬ್ಲೇಡಿನಿಂದ ಕೆರೆದು ತೋರಿಸಿದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ. ಕರೆಂಟು ಒಯ್ಯುವ ಶಕ್ತಿಯಲ್ಲಿ ಅಲ್ಯೂಮಿನಿಯಂ ತಾಮ್ರದ ನೂರಕ್ಕೆ ಅರವತ್ತರಷ್ಟು ಮಾತ್ರ. ಮೇಲಾಗಿ ಬಾಗಿ ಬಾಗಿ ಬೇಗ ಮುರಿಯುತ್ತದೆ. ಅಂಗಡಿಯಲ್ಲಿ 'ಕಾರ್ ಆಡಿಯೊ ವೈರಿಂಗ್ ಕಿಟ್' ಎಂದು ಅಗ್ಗಕ್ಕೆ ಸಿಗುವ ದಪ್ಪ ವೈರುಗಳಲ್ಲಿ ಇದು ಬಹಳ. ದಪ್ಪ ಕಾಣುವುದು ಪ್ಲಾಸ್ಟಿಕ್ಕು. ಕೊಳ್ಳುವ ಮೊದಲು ಒಂದು ಎಳೆಯನ್ನು ಕೆರೆದು ನೋಡಿ. ಅಂಗಡಿಯವರು ಬೇಡವೆಂದರೆ ಬೇರೆ ಅಂಗಡಿಗೆ ಹೋಗಿ.

ದಪ್ಪದ ಲೆಕ್ಕ ಹೀಗೆ. ಅರ್ಧ ಸ್ಕ್ವೇರ್ ಎಂಎಂ ವೈರಿನಲ್ಲಿ ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಎರಡು ಮೀಟರು ಹೋಗಿ ಎರಡು ಮೀಟರು ಮರಳಿದರೆ, ಆರು ಆಂಪಿಯರಿಗೆ ದಾರಿಯಲ್ಲೇ ಮುಕ್ಕಾಲು ವೋಲ್ಟಿಗೂ ಮೇಲೆ ಕಳೆದುಹೋಗುತ್ತದೆ. ಬಡಿತ ಬಿದ್ದಾಗಲೆಲ್ಲ ಹಾಡು ಕುಗ್ಗಿದಂತೆ ಕೇಳುವುದು ಇದರಿಂದ. ಎರಡೂವರೆ ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.2 ವೋಲ್ಟಿನೊಳಗೆ ನಿಲ್ಲುತ್ತದೆ. ಗಮನಿಸಿ, 'ಹೋಗಿ ಮರಳಿದರೆ' ಎಂದೆ. ಕೆಂಪು ವೈರು ದಪ್ಪ ಹಾಕಿ, ಕರಿ ವೈರನ್ನು ತೆಳ್ಳಗೆ ಹತ್ತಿರದ ಯಾವುದೋ ಬೋಲ್ಟಿಗೆ ಬಿಗಿದರೆ ದಪ್ಪ ಹಾಕಿದ ಅರ್ಧ ಪ್ರಯೋಜನ ಹೋಯಿತು. ಫ್ರೇಮಿನ ಮೇಲೆ ಪೇಂಟು ಇರುತ್ತದೆ, ಪೇಂಟಿನ ಕೆಳಗೆ ತುಕ್ಕು ಇರುತ್ತದೆ, ಮಳೆಗಾಲದ ನಂತರ ಇನ್ನಷ್ಟು ತುಕ್ಕು ಬರುತ್ತದೆ. ಹಾಡು ಕೆಟ್ಟಿತು ಎಂದು ಬರುವ ಬೈಕುಗಳಲ್ಲಿ ಬಹಳಷ್ಟನ್ನು ತಾನು ಆ ಬೋಲ್ಟು ಬಿಚ್ಚಿ, ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಮತ್ತೆ ಬಿಗಿದೇ ಸರಿಮಾಡಿದ್ದೇನೆ ಎಂದರು ಕಾಕಾ. ಅವರ ಪ್ರಕಾರ ಆಂಪ್ಲಿಫೈಯರಿನ ಮೈನಸ್ಸನ್ನು ಫ್ರೇಮಿಗೆ ಕೊಡಲೇಬಾರದು. ಕೆಂಪಿನಷ್ಟೇ ದಪ್ಪದ ಕರಿ ವೈರನ್ನು ಕೆಂಪಿನ ಜೊತೆಗೇ ಬ್ಯಾಟರಿಯ ಮೈನಸ್ಸಿಗೆ ಎಳೆಯಬೇಕು. ನಾನೂ ಈಗ ಹಾಗೆಯೇ ಮಾಡಿದ್ದೇನೆ.

ಫ್ಯೂಸಿನ ಬಗ್ಗೆ ಎರಡು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿವೆ. ಮೊದಲನೆಯದು, ಆಂಪ್ಲಿಫೈಯರಿನಲ್ಲೇ ಫ್ಯೂಸಿದೆ, ಇನ್ನೊಂದು ಯಾಕೆ ಎನ್ನುವುದು. ಬ್ಯಾಟರಿಯ ಬುಡದಲ್ಲಿಡುವ ಫ್ಯೂಸು ವೈರಿನ ಕಾವಲುಗಾರ. ವೈರು ಮಧ್ಯದಲ್ಲಿ ಎಲ್ಲೋ ಫ್ರೇಮಿಗೆ ತಾಗಿದರೆ ಆ ತುದಿಯ ಆಂಪ್ಲಿಫೈಯರಿನ ಫ್ಯೂಸು ಏನೂ ಮಾಡಲಾರದು, ಕರೆಂಟು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅದಕ್ಕಾಗಿ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸು ಇರಬೇಕು. ಎರಡನೆಯದು, ಪದೇ ಪದೇ ಹೋಗುತ್ತದೆಂದು ದೊಡ್ಡ ಫ್ಯೂಸು ಹಾಕುವುದು. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ಅದು ನಿಮಗೆ ಏನನ್ನೋ ಹೇಳುತ್ತಿದೆ. ಇಪ್ಪತ್ತಿಪ್ಪತ್ತು ವ್ಯಾಟಿನ ಜೋಡಿಗೆ ಹತ್ತು ಆಂಪಿಯರಿನ ಕೆಂಪು ಬ್ಲೇಡ್ ಫ್ಯೂಸು ಸಾಕು. ಬಣ್ಣಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಏಳೂವರೆಗೆ ಕಂದು, ಹತ್ತಕ್ಕೆ ಕೆಂಪು, ಹದಿನೈದಕ್ಕೆ ನೀಲಿ, ಇಪ್ಪತ್ತಕ್ಕೆ ಹಳದಿ, ಮೂವತ್ತಕ್ಕೆ ಹಸಿರು. ಬೈಕಿನ ಹಾಡಿನ ವೈರಿನಲ್ಲಿ ಹಸಿರು ಫ್ಯೂಸು ಕಂಡರೆ ಯಾರೋ ಬೆಂಕಿಗೆ ದಾರಿ ಬಿಟ್ಟಿದ್ದಾರೆ ಎಂದೇ ಅರ್ಥ.

ಚಾವಿ ತೆಗೆದಾಗ ಆಂಪ್ಲಿಫೈಯರು ತಾನಾಗಿ ಬಂದ್ ಆಗಬೇಕು. ಇಲ್ಲದಿದ್ದರೆ ರಾತ್ರಿಯಿಡೀ ಬ್ಯಾಟರಿ ಸೋರಿ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಚಾವಿಯ ವೈರಿನಿಂದಲೇ ಆಂಪ್ಲಿಫೈಯರಿಗೆ ಕರೆಂಟು ಕೊಡುವುದು ತಪ್ಪು, ಆ ತೆಳು ವೈರು ಅಷ್ಟು ಭಾರ ಹೊರುವುದಿಲ್ಲ. ನಡುವೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಬಂದ್ ಮಾಡುವ ಸ್ವಿಚ್ಚು ಇರಲಿ. ರಿಲೇಯ ಕಾಲುಗಳ ಮೇಲೆ ಅಂಕಿ ಬರೆದಿರುತ್ತದೆ. 30ಕ್ಕೆ ಫ್ಯೂಸಿನಿಂದ ಬಂದ ಕೆಂಪು, 87ರಿಂದ ಆಂಪ್ಲಿಫೈಯರಿಗೆ, 86ಕ್ಕೆ ಚಾವಿ ಹಾಕಿದಾಗ ಮಾತ್ರ ಕರೆಂಟು ಬರುವ ಟೇಲ್ ಲೈಟಿನ ವೈರು, 85 ಮೈನಸ್ಸಿಗೆ. ರಿಲೇಯ ಸುರುಳಿ ತಿನ್ನುವುದು ಆಂಪಿಯರಿನ ಐದನೇ ಒಂದು ಪಾಲಿನಷ್ಟು, ಟೇಲ್ ಲೈಟಿಗೆ ಅದು ಹೊರೆಯಲ್ಲ. 2020ರ ಏಪ್ರಿಲ್‌ನಿಂದ ಬಂದ, ಬಿಎಸ್6 ಹೊಗೆ ನಿಯಮದ ಗಾಡಿಗಳಲ್ಲಿ ಪೆಟ್ರೋಲು, ಸ್ಪಾರ್ಕು ಎಲ್ಲವನ್ನೂ ನಡೆಸುವುದು ಕಂಪ್ಯೂಟರು. ಅದಕ್ಕೆ ಹೋಗುವ ವೈರುಗಳನ್ನು ಯಾವ ಕಾರಣಕ್ಕೂ ಸಿಪ್ಪೆ ಸುಲಿಯಬೇಡಿ.

ಇನ್ನು ಆ 'ಕುಂಯ್' ಎಂಬ ಸದ್ದು. ಎಕ್ಸಿಲರೇಟರ್ ಕೊಟ್ಟಂತೆ ಏರುತ್ತ, ಬಿಟ್ಟಂತೆ ಇಳಿಯುತ್ತ ಹಾಡಿನ ಹಿಂದೆ ಸೊಳ್ಳೆಯಂತೆ ಕೂಗುವ ಈ ಸದ್ದಿಗೆ ಜನ ಆಂಪ್ಲಿಫೈಯರನ್ನು ಬೈದು ಬದಲಿಸುತ್ತಾರೆ. ಹೊಸದರಲ್ಲೂ ಅದೇ ಸದ್ದು. ಏಕೆಂದರೆ ತಪ್ಪು ಮತ್ತೆ ಮರಳುವ ದಾರಿಯಲ್ಲಿದೆ. ಮೊಬೈಲನ್ನು ಬೈಕಿನ ಯುಎಸ್‌ಬಿ ಚಾರ್ಜರಿಗೆ ಹಾಕಿ, ಅದೇ ಮೊಬೈಲಿನಿಂದ ಆಕ್ಸ್ ಕೇಬಲಿನಲ್ಲಿ ಆಂಪ್ಲಿಫೈಯರಿಗೆ ಹಾಡು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಆಗ ಮೊಬೈಲಿನ ಮೈನಸ್ಸಿಗೆ ಎರಡು ದಾರಿಯಾದವು, ಚಾರ್ಜರಿನ ಮೂಲಕ ಒಂದು, ಆಕ್ಸ್ ಕೇಬಲಿನ ಮೂಲಕ ಇನ್ನೊಂದು. ಎರಡೂ ಬೇರೆ ಬೇರೆ ಜಾಗದಲ್ಲಿ ಅರ್ಥ್ ಆಗಿದ್ದರೆ ಆ ಎರಡು ಜಾಗಗಳ ನಡುವೆ ಆಲ್ಟರ್ನೇಟರಿನ ಏರಿಳಿತದಿಂದ ಮಿಲಿವೋಲ್ಟುಗಳ ವ್ಯತ್ಯಾಸ ಇರುತ್ತದೆ. ಆ ಮಿಲಿವೋಲ್ಟು ಹಾಡಿನ ಜೊತೆ ಸೇರಿ ಆಂಪ್ಲಿಫೈಯರಿನಲ್ಲಿ ದೊಡ್ಡದಾಗುತ್ತದೆ. ಪರೀಕ್ಷೆ ಸರಳ: ಚಾರ್ಜರ್ ಕಿತ್ತರೆ ಸದ್ದು ನಿಂತಿತೇ? ಹಾಗಾದರೆ ಚಾರ್ಜರಿನ ಮೈನಸ್ಸನ್ನೂ ಆಂಪ್ಲಿಫೈಯರಿನ ಮೈನಸ್ಸನ್ನೂ ಒಂದೇ ಜಾಗಕ್ಕೆ, ಬ್ಯಾಟರಿಯ ಮೈನಸ್ಸಿಗೆ, ತನ್ನಿ. ಆಗಲೂ ಉಳಿದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಬೆಂಕಿಪೆಟ್ಟಿಗೆಯಷ್ಟು ಸಾಮಾನು ಸಿಗುತ್ತದೆ. ಆಕ್ಸ್ ಕೇಬಲಿನ ನಡುವೆ ಹಾಕಿದರೆ ಸಾಕು. ಹಾಡಿನ ಕೇಬಲನ್ನು ದಪ್ಪ ಕೆಂಪು ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. ಒಂದು ಟ್ಯಾಂಕಿನ ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗಲಿ.

ಸ್ಪೀಕರು ಕಟ್ಟುವಾಗ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಏನೂ ಸುಡುವುದಿಲ್ಲ, ಅದಕ್ಕೇ ಯಾರೂ ಲಕ್ಷ್ಯ ಕೊಡುವುದಿಲ್ಲ. ಆದರೆ ಎಡದ್ದು ಸರಿ, ಬಲದ್ದು ತಿರುಗಾಮುರುಗಾ ಆದರೆ ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ತಬಲೆಯ ಡಗ್ಗಾ, ಡೊಳ್ಳಿನ ಗುಮ್ಮೆನ್ನುವ ದನಿ ಪರಸ್ಪರ ಕಳೆದು ಹಾಡು ಪೇಲವವಾಗುತ್ತದೆ. ಸ್ಪೀಕರಿನ ಮೇಲೆ ಗುರುತು ಅಳಿಸಿದ್ದರೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ತೆಗೆದುಕೊಂಡು ಎರಡು ತುದಿಗೆ ಕ್ಷಣಕಾಲ ತಾಗಿಸಿ. ಸ್ಪೀಕರಿನ ಕೋನು ಹೊರಗೆ ಬಂದರೆ ಸೆಲ್ಲಿನ ಪ್ಲಸ್ಸು ತಾಗಿದ ತುದಿಯೇ ಸ್ಪೀಕರಿನ ಪ್ಲಸ್ಸು. ಅಲ್ಲಿ ನೇಲ್ ಪಾಲಿಶಿನ ಒಂದು ಚುಕ್ಕೆ ಇಡಿ.

ನಾಲ್ಕು ಸ್ಪೀಕರು ಬೇಕೆನ್ನುವವರೂ ಇದ್ದಾರೆ. 4 ಓಮ್‌ನ ಎರಡನ್ನು ಒಂದರ ಹಿಂದೊಂದು ಕಟ್ಟಿದರೆ 8 ಓಮ್, ಪಕ್ಕಪಕ್ಕ ಕಟ್ಟಿದರೆ 2 ಓಮ್. ಆಂಪ್ಲಿಫೈಯರಿನ ಮೇಲೆ ಕನಿಷ್ಠ 4 ಓಮ್ ಎಂದಿದ್ದರೆ ಪಕ್ಕಪಕ್ಕ ಕಟ್ಟಬಾರದು, ಅದು ಕಾದು ಸಾಯುತ್ತದೆ. ಮಲ್ಟಿಮೀಟರಿನಲ್ಲಿ ಅಳೆದಾಗ 4 ಓಮ್ ಸ್ಪೀಕರು ಮೂರೂವರೆಯ ಹತ್ತಿರ ತೋರಿಸುವುದು ಸಹಜ, ಗಾಬರಿ ಬೇಡ. ಬೈಕಿಗೆ ಎರಡೇ ಸಾಕು. ಆದರೆ ಆ ಎರಡಕ್ಕೂ ಹಿಂದೆ ಮುಚ್ಚಿದ ಡಬ್ಬಿ ಇರಬೇಕು. ಸ್ಪೀಕರಿನ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ಕೂಡಿದರೆ ತಗ್ಗಿನ ಸ್ವರಗಳು ಸತ್ತೇ ಹೋಗುತ್ತವೆ. ನೂರು ಹರ್ಟ್ಸಿನ ಅಲೆ ಮೂರೂವರೆ ಮೀಟರು ಉದ್ದ, ಅಂಗೈಯಗಲದ ಸ್ಪೀಕರನ್ನು ಸುತ್ತುವುದು ಅದಕ್ಕೆ ಕಷ್ಟವೇ ಅಲ್ಲ. ಸಣ್ಣ ಸ್ಪೀಕರು ಹೊರಲಾರದ ಆ ತಗ್ಗನ್ನು ಆಂಪ್ಲಿಫೈಯರಿನ ಹೈಪಾಸ್ ಗುಂಡಿಯಿಂದ 100-120 ಹರ್ಟ್ಸಿಗೆ ತಡೆದರೆ ಉಳಿದದ್ದು ಸ್ವಚ್ಛವಾಗಿ, ಜೋರಾಗಿ ಬರುತ್ತದೆ.

ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಕಾಗದದ ಕೋನಿನ ಸ್ಪೀಕರು ಒಂದು ಮಳೆಗಾಲ ಬಾಳುವುದು ಕಷ್ಟ. ಪಾಲಿಪ್ರೊಪಿಲೀನ್ ಕೋನು, ನೀರು ತಡೆಯುವ ಐಪಿಎಕ್ಸ್5 ಅಥವಾ ಅದಕ್ಕೂ ಮೇಲಿನ ಗುರುತು ಇರಲಿ. ಜೋಡಣೆಗಳಲ್ಲಿ ನೀರಿಗಿಂತ ದೊಡ್ಡ ಶತ್ರು ಅಲುಗಾಟ. ಸಿಂಗಲ್ ಸಿಲಿಂಡರಿನ ಗಾಡಿಯಲ್ಲಿ ಬೆಸುಗೆ ಹಾಕಿದ ವೈರು ಬೆಸುಗೆ ಮುಗಿಯುವ ಅಂಚಿನಲ್ಲೇ ಮುರಿಯುತ್ತದೆ. ಲಗ್ ಹಾಕಿ ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಏರಿಸುವುದೇ ಸರಿ. ಇನ್ಸುಲೇಷನ್ ಟೇಪು ಬೇಸಿಗೆಯಲ್ಲಿ ಅಂಟು ಬಿಟ್ಟು ಜಾರುತ್ತದೆ. ಹ್ಯಾಂಡಲ್ಲಿನ ಬುಡದಲ್ಲಿ ವೈರಿಗೆ ಸಡಿಲ ಕೊಟ್ಟು, ಮೇಲೊಂದು ತೋಳಿನಂತೆ ಸ್ಲೀವ್ ಹಾಕಿ, ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ, ತಿಕ್ಕುತ್ತಿಲ್ಲ ಎಂದು ನೋಡಿದ ಮೇಲೆಯೇ ಟ್ಯಾಂಕು ಕೂರಿಸಬೇಕು. ನನ್ನ ಗಾಡಿಗೆ ಫಿಟ್ ಮಾಡಿದವರು ಈ ಒಂದು ಕೆಲಸಕ್ಕೆ ಎರಡು ನಿಮಿಷ ಕೊಟ್ಟಿದ್ದರೆ ಅರಬೈಲಿನ ಹೊಗೆ ಏಳುತ್ತಿರಲಿಲ್ಲ.

ಎಷ್ಟು ಜೋರು ಎಂಬ ಪ್ರಶ್ನೆ ಉಳಿಯಿತು. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಯಲ್ಲಿ ಹೋದವರಿಗೆ ಗೊತ್ತು: ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು, ಚಾಲಕನ ತಲೆಯ ಹಿಂದೆ ದೊಡ್ಡ ಸ್ಪೀಕರುಗಳು. ರಾತ್ರಿಯಿಡೀ ಓಡಿಸುವ ಆ ಮನುಷ್ಯನಿಗೆ ನಿದ್ದೆ ತಡೆಯಲು ಹಾಡು ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ ಹಿಂದಿನ ಬಸ್ಸು ಎಷ್ಟು ಹಾರ್ನ್ ಹೊಡೆದರೂ ಅವನಿಗೆ ಕೇಳುವುದಿಲ್ಲ. ಬೈಕಿನವರಿಗೂ ಅದೇ ಅಪಾಯ. ವೇಗ ನೂರರ ಹತ್ತಿರ ಹೋದಾಗ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ ತೊಂಬತ್ತು ಡೆಸಿಬಲ್ಲನ್ನು ಮೀರುತ್ತದೆ. ಅದನ್ನು ಹಾಡಿನಿಂದ ಗೆಲ್ಲಲು ಹೊರಟರೆ ಕೆಡುವುದು ಕಿವಿ. 85 ಡೆಸಿಬಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎನ್ನುತ್ತಾರೆ. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಅರವತ್ತರ ವೇಗದಲ್ಲಿ ಹಾಡು ಕೇಳಿ. ಅದಕ್ಕಿಂತ ವೇಗವಾಗಿ ಹೋಗುವಾಗ ಬಂದ್ ಮಾಡಿ, ರಸ್ತೆಯನ್ನು ಕೇಳಿ.

ಊರೊಳಗೆ ಬಂದಾಗಲಂತೂ ತಗ್ಗಿಸಲೇಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಂತೆ ಮನೆಗಳಿರುವ ಕಡೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯ. ಹಾಡು ನನಗೆ ಇಷ್ಟವೆಂದ ಮಾತ್ರಕ್ಕೆ ಹೆರಿಗೆ ವಾರ್ಡಿನಲ್ಲಿ ಮಲಗಿದವಳಿಗೆ ಅದನ್ನು ಕೇಳಿಸುವ ಹಕ್ಕು ನನಗಿಲ್ಲ.

ಕಾಕಾ ಎರಡು ದಿನ ತೆಗೆದುಕೊಂಡು ನನ್ನ ಬೈಕಿನ ವೈರಿಂಗನ್ನು ಹೊಸದಾಗಿ ಮಾಡಿದರು. ಪಕ್ಕದಲ್ಲಿ ಕೂತು ಪಾನಾ, ಪ್ಲೈಯರು ಕೊಡುತ್ತ ನಾನು ನೋಡಿದೆ. ಹಳೆಯ ಸ್ಪೀಕರುಗಳನ್ನೇ ಉಳಿಸಿಕೊಂಡರು. ಬದಲಾದದ್ದು ಆಂಪ್ಲಿಫೈಯರು, ಆರೇಳು ಮೀಟರು ತಾಮ್ರದ ವೈರು, ಒಂದು ರಿಲೇ, ಒಂದು ಫ್ಯೂಸು. ಅವರು ಹಾಡು ಹಚ್ಚಿದಾಗ ಅದೇ ಸ್ಪೀಕರಿನಲ್ಲಿ ಹಾರ್ಮೋನಿಯಂ ಬೇರೆಯಾಗಿ, ತಬಲಾ ಬೇರೆಯಾಗಿ ಕೇಳಿಸಿತು. ಅಲ್ಲಿಯವರೆಗೆ ನಾನು ಆ ಹಾಡನ್ನು ಅಷ್ಟು ಚೆನ್ನಾಗಿ ಕೇಳಿಯೇ ಇರಲಿಲ್ಲ.

ಬೈಕಿಗೆ ಸ್ಪೀಕರು ಹಾಕಿಸಿರುವ ಓದುಗರಲ್ಲಿ ಒಂದು ವಿನಂತಿ.  ಪಕ್ಕದ ಮುಚ್ಚಳ ಬಿಚ್ಚಿ, ಬ್ಯಾಟರಿಯ ಪ್ಲಸ್ಸಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರಿನ ಮೇಲೆ ಒಂದು ಗೇಣಿನೊಳಗೆ ಫ್ಯೂಸು ಇದೆಯೇ ನೋಡಿ. ಇಲ್ಲದಿದ್ದರೆ ಆ ವೈರನ್ನು ಇವತ್ತೇ ಬಿಚ್ಚಿಡಿ, ಫ್ಯೂಸು ಹಾಕಿಸಿದ ಮೇಲೆ ಮತ್ತೆ ಕಟ್ಟಿ. ಬಿಚ್ಚುವಾಗ ಮೊದಲು ಬ್ಯಾಟರಿಯ ಮೈನಸ್ಸು ಬಿಚ್ಚಿ, ಕಟ್ಟುವಾಗ ಅದನ್ನು ಕೊನೆಗೆ ಕಟ್ಟಿ. ಪ್ಲಸ್ಸು ಬಿಗಿಯುವಾಗ ಪಾನಾ ಜಾರಿ ಫ್ರೇಮಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.